ಕರ್ನಾಟಕದಲ್ಲಿ ಮಾಹಿತಿ ಭದ್ರತೆ

ಮಾಹಿತಿ ಭದ್ರತೆ ಎಂದರೆ ಬರಹ, ಲೆಕ್ಕ, ಗುರುತು, ದಾಖಲೆ ಮೊದಲಾದ ಮಾಹಿತಿಯನ್ನು ಅನಧಿಕೃತ ನೋಟ, ತಿದ್ದುಪಡಿ, ಕಳವು ಮತ್ತು ನಾಶಗಳಿಂದ ಕಾಪಾಡುವ ನಿಯಮ, ತಂತ್ರ ಹಾಗೂ ಆಡಳಿತ ವ್ಯವಸ್ಥೆ. ಇದರಲ್ಲಿ ಗಣಕಯಂತ್ರ ಮತ್ತು ಅಂತರಜಾಲಕ್ಕೆ ಸಂಬಂಧಿಸಿದ ಭಾಗವನ್ನು ಸೈಬರ್ ಭದ್ರತೆ ಎಂದು ಕರೆಯಲಾಗುತ್ತದೆ. ಕರ್ನಾಟಕದಲ್ಲಿ ಈ ವಿಷಯಕ್ಕೆ ಎರಡು ಮುಖಗಳಿವೆ. ಬೆಂಗಳೂರು ದೇಶದ ಮಾಹಿತಿ ತಂತ್ರಜ್ಞಾನ ಉದ್ಯಮದ ಪ್ರಮುಖ ಕೇಂದ್ರವಾಗಿದ್ದು, ಭದ್ರತೆಯ ಸಾಧನ ಮತ್ತು ಸೇವೆಗಳು ಅಲ್ಲಿ ತಯಾರಾಗುತ್ತವೆ. ಇನ್ನೊಂದೆಡೆ, ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂತಹ ತಾಲೂಕುಗಳಲ್ಲಿ ಪಹಣಿ, ಪಡಿತರ, ಬ್ಯಾಂಕ್ ಖಾತೆ, ಪಿಂಚಣಿ ಎಲ್ಲವೂ ಗಣಕೀಕೃತವಾಗಿದ್ದು, ಆ ವ್ಯವಸ್ಥೆಯ ಲೋಪಗಳ ಫಲವನ್ನು ಸಾಮಾನ್ಯ ಕೃಷಿಕ ಕುಟುಂಬಗಳು ಅನುಭವಿಸಬೇಕಾಗುತ್ತದೆ. ಈ ಲೇಖನವು ರಾಜ್ಯದಲ್ಲಿ ಮಾಹಿತಿ ಭದ್ರತೆಯ ಕಾನೂನು, ನೀತಿ, ತಂತ್ರಜ್ಞಾನ ಮತ್ತು ಉದ್ಯೋಗಗಳ ಪ್ರಚಲಿತ ವಿಷಯಗಳನ್ನು ಈ ಮೂರು ತಾಲೂಕುಗಳ ನಿದರ್ಶನಗಳೊಂದಿಗೆ ವಿವರಿಸುತ್ತದೆ.

ಮೂಲ ತತ್ತ್ವಗಳು

ಮಾಹಿತಿ ಭದ್ರತೆಗೆ ಮೂರು ಆಧಾರ ತತ್ತ್ವಗಳನ್ನು ಹೇಳಲಾಗುತ್ತದೆ: ಗೌಪ್ಯತೆ, ಸಮಗ್ರತೆ ಮತ್ತು ಲಭ್ಯತೆ. ಮಾಹಿತಿಯು ಅಧಿಕಾರವುಳ್ಳವರಿಗೆ ಮಾತ್ರ ಕಾಣುವುದು ಗೌಪ್ಯತೆ. ಅದು ಅಧಿಕಾರವಿಲ್ಲದವರಿಂದ ತಿದ್ದುಪಡಿಯಾಗದೆ ಉಳಿಯುವುದು ಸಮಗ್ರತೆ. ಅಗತ್ಯವಿದ್ದಾಗ ದೊರೆಯುವುದು ಲಭ್ಯತೆ.

ಕರ್ನಾಟಕದ ಜಮೀನು ದಾಖಲೆಯಾದ ಪಹಣಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ಮೂರರ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ಅದು ಸಾರ್ವಜನಿಕ ದಾಖಲೆ. ಆದ್ದರಿಂದ ಅಲ್ಲಿ ಗೌಪ್ಯತೆಗಿಂತ ಸಮಗ್ರತೆ ಮುಖ್ಯ. ಖಾತೆದಾರನ ಹೆಸರಿನ ಒಂದು ಅಕ್ಷರ ಅಥವಾ ಕ್ಷೇತ್ರದ ಒಂದು ಗುಂಟೆ ಬದಲಾದರೂ ಕುಟುಂಬವೊಂದು ವರ್ಷಗಟ್ಟಲೆ ಕಚೇರಿ ಅಲೆಯಬೇಕಾದೀತು. ಬೆಳೆಸಾಲದ ನವೀಕರಣದ ದಿನಗಳಲ್ಲಿ ಸರ್ವರ್ ಸ್ಥಗಿತಗೊಂಡರೆ ಅದು ಲಭ್ಯತೆಯ ಪ್ರಶ್ನೆ. ಇದಕ್ಕೆ ವಿರುದ್ಧವಾಗಿ ಆಧಾರ್ ಸಂಖ್ಯೆ, ಬೆರಳಚ್ಚು, ಬ್ಯಾಂಕಿನ ಗುಪ್ತಪದಗಳ ವಿಷಯದಲ್ಲಿ ಗೌಪ್ಯತೆಯೇ ಪ್ರಧಾನ.

ಇತಿಹಾಸ

ರಾಜ್ಯದಲ್ಲಿ ಗ್ರಾಮೀಣ ಜನತೆಯ ದಾಖಲೆಗಳು ದೊಡ್ಡ ಪ್ರಮಾಣದಲ್ಲಿ ಗಣಕಕ್ಕೆ ಸೇರಿದ್ದು 'ಭೂಮಿ' ಯೋಜನೆಯ ಮೂಲಕ. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದ ನೆರವಿನಿಂದ 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಅದುವರೆಗೆ ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ನೀಡುತ್ತಿದ್ದ ಪಹಣಿಗೆ ಮಾನ್ಯತೆ ನಿಂತು, ತಾಲೂಕು ಕೇಂದ್ರದ ಗಣಕದಿಂದ ಬಂದ ಪ್ರತಿ ಮಾತ್ರ ಊರ್ಜಿತವಾಯಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ನೀಡಿಯೇ ತಂತ್ರಾಂಶವನ್ನು ಪ್ರವೇಶಿಸಬೇಕೆಂಬ ನಿಯಮ ಭೂಮಿಯಲ್ಲಿತ್ತು. ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದನ್ನು ನಂತರ ಅಲ್ಲಗಳೆಯಲು ಆಗಬಾರದೆಂಬುದು ಅದರ ಉದ್ದೇಶ. ಭಾರತದ ಸರ್ಕಾರಿ ಸೇವೆಗಳಲ್ಲಿ ಬೆರಳಚ್ಚನ್ನು ಭದ್ರತೆಗಾಗಿ ಬಳಸಿದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು.

ಇದೇ ಕಾಲದಲ್ಲಿ ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ವನ್ನು ಅಂಗೀಕರಿಸಿತು. ಅದು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾಯಿತು. ಇದು ದೇಶದ ಮೊದಲ ಸೈಬರ್ ಠಾಣೆ ಎಂದು ಪರಿಗಣಿಸಲಾಗಿದೆ. ಮುಂದೆ ಪ್ರತಿ ಜಿಲ್ಲೆಯಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆ ತೆರೆಯಲಾಯಿತು. ಇವನ್ನು ಇಂಗ್ಲಿಷಿನ ಮೊದಲ ಅಕ್ಷರಗಳಿಂದ 'ಸಿಇಎನ್ ಠಾಣೆ' ಎನ್ನುತ್ತಾರೆ. ಉತ್ತರ ಕನ್ನಡದ ಸಿಇಎನ್ ಠಾಣೆ ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿದೆ. 2025ರಲ್ಲಿ ರಾಜ್ಯ ಸರ್ಕಾರವು ಸೈಬರ್ ಅಪರಾಧಗಳ ತನಿಖೆಯನ್ನು ಒಂದೇ ಸೂರಿನಡಿ ತರುವ ಸಲುವಾಗಿ ಪ್ರತ್ಯೇಕ ಸೈಬರ್ ಕಮಾಂಡ್ ಘಟಕವನ್ನು ರಚಿಸಿತು.

ಕಾನೂನು ಚೌಕಟ್ಟು

ಮಾಹಿತಿ ತಂತ್ರಜ್ಞಾನ ಕಾಯ್ದೆ

2000ದ ಕಾಯ್ದೆಗೆ 2008ರಲ್ಲಿ ವ್ಯಾಪಕ ತಿದ್ದುಪಡಿಯಾಗಿ, ಅದು 2009ರ ಅಕ್ಟೋಬರ್ 27ರಿಂದ ಜಾರಿಯಾಯಿತು. ಇದರಲ್ಲಿ 66ಸಿ ಕಲಮು ಇನ್ನೊಬ್ಬರ ಗುಪ್ತಪದ ಅಥವಾ ವಿದ್ಯುನ್ಮಾನ ಸಹಿಯ ದುರ್ಬಳಕೆಯನ್ನೂ, 66ಡಿ ಕಲಮು ಗಣಕ ಸಾಧನದ ಮೂಲಕ ಸೋಗು ಹಾಕಿ ವಂಚಿಸುವುದನ್ನೂ, 66ಇ ಕಲಮು ಖಾಸಗಿತನದ ಉಲ್ಲಂಘನೆಯನ್ನೂ ಅಪರಾಧವೆಂದು ಸಾರುತ್ತವೆ. ಗ್ರಾಮೀಣ ಭಾಗದಲ್ಲಿ ದಾಖಲಾಗುವ ಹಣದ ವಂಚನೆಯ ಪ್ರಕರಣಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದು 66ಸಿ ಮತ್ತು 66ಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ವಂಚನೆಯ ಕಲಮುಗಳನ್ನೂ ಇವುಗಳ ಜೊತೆ ಹೂಡಲಾಗುತ್ತದೆ.

ಆಕ್ಷೇಪಾರ್ಹ ಸಂದೇಶಗಳಿಗೆ ಶಿಕ್ಷೆ ವಿಧಿಸುತ್ತಿದ್ದ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಭದ್ರತೆಯ ಹೆಸರಿನಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎಷ್ಟು ಮೊಟಕುಗೊಳಿಸಬಹುದು ಎಂಬ ಚರ್ಚೆಯಲ್ಲಿ ಈ ತೀರ್ಪು ಮುಖ್ಯ ಘಟ್ಟವಾಗಿದೆ.

ಕಾಯ್ದೆಯ 78ನೇ ಕಲಮಿನ ಪ್ರಕಾರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನ ಅಧಿಕಾರಿ ಇದರಡಿಯ ಅಪರಾಧಗಳ ತನಿಖೆ ನಡೆಸುವಂತಿಲ್ಲ. ಸಬ್ ಇನ್‌ಸ್ಪೆಕ್ಟರ್ ಮುಖ್ಯಸ್ಥರಾಗಿರುವ ಗ್ರಾಮಾಂತರ ಠಾಣೆಗಳ ವ್ಯಾಪ್ತಿಯಲ್ಲಿ ಈ ನಿಯಮವು ತನಿಖೆಯನ್ನು ಮೇಲಿನ ಕಚೇರಿಗೆ ಅಥವಾ ಜಿಲ್ಲಾ ಠಾಣೆಗೆ ಸಾಗಿಸುತ್ತದೆ.

ಖಾಸಗಿತನದ ಹಕ್ಕು

ಭಾರತದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸ್ಥಾಪಿಸಿದ ಪ್ರಕರಣಕ್ಕೆ ಕರ್ನಾಟಕದ ನಂಟಿದೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು. ಅವರ ಅರ್ಜಿಯ ವಿಚಾರಣೆಯ ನಡುವೆ ಉದ್ಭವಿಸಿದ ಪ್ರಶ್ನೆಯನ್ನು ಪರಿಶೀಲಿಸಿದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2018ರ ಸೆಪ್ಟೆಂಬರ್ 26ರ ಬಹುಮತದ ತೀರ್ಪು ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ, ಖಾಸಗಿ ಸಂಸ್ಥೆಗಳು ಆಧಾರ್ ದೃಢೀಕರಣವನ್ನು ಕೇಳಲು ಅವಕಾಶ ನೀಡಿದ್ದ 57ನೇ ಕಲಮಿನ ಭಾಗವನ್ನು ತೆಗೆದುಹಾಕಿತು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ

ಈ ತೀರ್ಪಿನ ಮುಂದುವರಿಕೆಯಾಗಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ದತ್ತಾಂಶ ಸಂಗ್ರಹಿಸುವ ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ನಿಯಮ ಪ್ರಕಟವಾದ 18 ತಿಂಗಳ ನಂತರ ಜಾರಿಯಾಗುತ್ತವೆ. ಭದ್ರತೆಯಲ್ಲಿ ಲೋಪವೆಸಗಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಒಪ್ಪಿಗೆ ಕೋರುವ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನು ಬಳಕೆದಾರನಿಗೆ ನೀಡಬೇಕು. ಹೀಗಾಗಿ ಕನ್ನಡದಲ್ಲಿ ಷರತ್ತುಗಳನ್ನು ಓದಿ ಒಪ್ಪಿಗೆ ನೀಡುವುದು ಕಾನೂನಿನ ಹಕ್ಕಾಗಿದೆ.

ಈ ಕಾಯ್ದೆಯ ಬಗ್ಗೆ ಎರಡು ಪ್ರಮುಖ ಆಕ್ಷೇಪಗಳಿವೆ. ಮೊದಲನೆಯದು, 17ನೇ ಕಲಮಿನಡಿ ಕೇಂದ್ರ ಸರ್ಕಾರವು ತನ್ನ ಸಂಸ್ಥೆಗಳಿಗೆ ವಿನಾಯಿತಿ ನೀಡಬಹುದಾಗಿರುವುದು. ಎರಡನೆಯದು, 44ನೇ ಕಲಮು ಮಾಹಿತಿ ಹಕ್ಕು ಕಾಯ್ದೆ, 2005ರ 8(1)(ಜೆ) ಉಪಬಂಧವನ್ನು ಬದಲಿಸಿರುವುದು. ಹಿಂದೆ ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತಾಸಕ್ತಿ ದೊಡ್ಡದಿದ್ದರೆ ಅದನ್ನು ನೀಡಬೇಕೆಂಬ ಮಾತು ಆ ಉಪಬಂಧದಲ್ಲೇ ಇತ್ತು. ಫಲಾನುಭವಿಗಳ ಪಟ್ಟಿ, ಕೂಲಿ ಹಾಜರಿ ಮೊದಲಾದವುಗಳನ್ನು ಪಡೆದು ಪಂಚಾಯಿತಿ ಮಟ್ಟದ ಅವ್ಯವಹಾರ ಬಯಲಿಗೆಳೆಯುವವರಿಗೆ ಇದರಿಂದ ಅಡಚಣೆಯಾಗುತ್ತದೆ ಎಂದು ಮಾಹಿತಿ ಹಕ್ಕು ಕಾರ್ಯಕರ್ತರು ವಾದಿಸುತ್ತಾರೆ. ಸಾರ್ವಜನಿಕ ಹಿತಾಸಕ್ತಿಗಾಗಿ ಮಾಹಿತಿ ನೀಡುವ ಅವಕಾಶ 8(2)ರಲ್ಲಿ ಉಳಿದಿದೆ ಎಂಬುದು ಸರ್ಕಾರದ ಸಮರ್ಥನೆ.

ಘಟನೆ ವರದಿ ಮಾಡುವ ನಿಯಮ

ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2004ರಿಂದ ಕಾರ್ಯ ನಿರ್ವಹಿಸುತ್ತಿದೆ. ಅದು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಭದ್ರತಾ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ವರದಿ ಮಾಡಬೇಕು ಮತ್ತು 180 ದಿನಗಳ ಚಟುವಟಿಕೆಯ ದಾಖಲೆಗಳನ್ನು ಕಾದಿಡಬೇಕು. ದೊಡ್ಡ ಕಂಪನಿಗಳಿಗೆ ಹಗಲಿರುಳು ಕಾವಲು ಕೇಂದ್ರಗಳಿರುವುದರಿಂದ ಇದು ಸಾಧ್ಯ. ಒಬ್ಬಿಬ್ಬರು ಸಿಬ್ಬಂದಿಯಿಂದ ನಡೆಯುವ ಸಣ್ಣ ಸಂಸ್ಥೆಗಳಿಗೆ ಇದನ್ನು ಪಾಲಿಸುವುದು ಕಷ್ಟವೆಂಬ ಅಭಿಪ್ರಾಯವಿದೆ.

ರಾಜ್ಯ ಸರ್ಕಾರದ ನೀತಿ

ಕರ್ನಾಟಕ ಸರ್ಕಾರವು 2024ರ ಆಗಸ್ಟ್‌ನಲ್ಲಿ ಕರ್ನಾಟಕ ಸೈಬರ್ ಭದ್ರತಾ ನೀತಿಯನ್ನು ಬಿಡುಗಡೆ ಮಾಡಿತು. ಇದರ ಮೊದಲ ಭಾಗವು ಸಾರ್ವಜನಿಕರು, ಶಿಕ್ಷಣ ಸಂಸ್ಥೆಗಳು, ಉದ್ಯಮ ಮತ್ತು ನವೋದ್ಯಮಗಳಿಗೆ ಸಂಬಂಧಿಸಿದ್ದು, ಜಾಗೃತಿ, ಕೌಶಲ ತರಬೇತಿ ಹಾಗೂ ಉದ್ಯಮಕ್ಕೆ ಪ್ರೋತ್ಸಾಹ ಇದರ ಗುರಿಗಳು. ಎರಡನೆಯ ಭಾಗವು ಸರ್ಕಾರದ ಸ್ವಂತ ಜಾಲತಾಣ, ತಂತ್ರಾಂಶ ಮತ್ತು ದತ್ತಾಂಶ ಕೇಂದ್ರಗಳ ರಕ್ಷಣೆಯನ್ನು ಕುರಿತದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವು ತರಬೇತಿ ಮತ್ತು ಜಾಗೃತಿಯ ಕಾರ್ಯಕ್ರಮಗಳನ್ನು ನಡೆಸುತ್ತದೆ. ಬೆಂಗಳೂರಿನ ಸಿಐಡಿ ಕೇಂದ್ರ ಕಚೇರಿಯಲ್ಲಿ 2019ರಲ್ಲಿ ಆರಂಭವಾದ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರವು ಪೊಲೀಸರು, ಅಭಿಯೋಜಕರು ಮತ್ತು ನ್ಯಾಯಾಂಗದ ಅಧಿಕಾರಿಗಳಿಗೆ ತರಬೇತಿ ನೀಡುತ್ತದೆ.

ಸರ್ಕಾರಿ ವ್ಯವಸ್ಥೆಗಳಲ್ಲಿ ಕಂಡುಬಂದ ಲೋಪಗಳು

ರಾಜ್ಯದ ಕೆಲವು ಘಟನೆಗಳು ಮೇಲೆ ಹೇಳಿದ ಮೂರು ತತ್ತ್ವಗಳ ಭಂಗಕ್ಕೆ ನಿದರ್ಶನಗಳಾಗಿವೆ.

2019ರಲ್ಲಿ ಸರ್ಕಾರದ ಇ-ಸಂಗ್ರಹಣಾ ಜಾಲತಾಣಕ್ಕೆ ಕನ್ನ ಹಾಕಿ, ಟೆಂಡರುದಾರರು ಇಟ್ಟಿದ್ದ ಮುಂಗಡ ಠೇವಣಿಯಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಬೇರೆ ಖಾತೆಗಳಿಗೆ ವರ್ಗಾಯಿಸಲಾಯಿತು. ಇದು ಸಮಗ್ರತೆಯ ಭಂಗ.

2023ರಲ್ಲಿ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆದಾರರಿಗೆ ಅರಿವಿಲ್ಲದಂತೆ ಹಣ ತೆಗೆದ ದೂರುಗಳು ಬಂದವು. ಈ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಸಾಕು, ಒಟಿಪಿ ಬೇಕಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ದೊರೆಯುತ್ತಿದ್ದ ಕ್ರಯಪತ್ರಗಳ ಪ್ರತಿಗಳಲ್ಲಿ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತು ಎರಡೂ ಇರುವುದರಿಂದ ವಂಚಕರು ಅವನ್ನು ನಕಲು ಮಾಡಿಕೊಳ್ಳುತ್ತಿದ್ದಾರೆಂಬ ಶಂಕೆ ಮೂಡಿತು. ಅನಂತರ ದಾಖಲೆಗಳಲ್ಲಿನ ಬೆರಳಚ್ಚನ್ನು ಮರೆಮಾಚುವ ಕ್ರಮ ಕೈಗೊಳ್ಳಲಾಯಿತು. ಗುಪ್ತಪದ ಸೋರಿದರೆ ಬದಲಿಸಬಹುದು. ಬೆರಳಚ್ಚು ಸೋರಿದರೆ ಬದಲಿಸಲಾಗದು. ಈ ಕಾರಣದಿಂದ ಆಧಾರ್ ಪ್ರಾಧಿಕಾರವು ಬಯೋಮೆಟ್ರಿಕ್ ಬೀಗ ಹಾಕುವ ಸೌಲಭ್ಯವನ್ನು ಒದಗಿಸಿದೆ. ಬೀಗ ಹಾಕಿದ ನಂತರ, ಅದನ್ನು ತೆರೆಯುವವರೆಗೆ ಬೆರಳಚ್ಚಿನಿಂದ ಯಾವ ವ್ಯವಹಾರವೂ ನಡೆಯುವುದಿಲ್ಲ.

2025ರ ಜನವರಿಯಲ್ಲಿ ಕಾವೇರಿ 2.0 ತಂತ್ರಾಂಶದ ಮೇಲೆ ಸೇವಾ ನಿರಾಕರಣ ದಾಳಿ ನಡೆಯಿತು. ಕೃತಕ ಖಾತೆಗಳಿಂದ ಲಕ್ಷಾಂತರ ಕೋರಿಕೆಗಳನ್ನು ಏಕಕಾಲಕ್ಕೆ ಕಳುಹಿಸಿ ಸರ್ವರನ್ನು ದಣಿಸುವುದು ಈ ದಾಳಿಯ ರೀತಿ. ಯಾವ ದಾಖಲೆ ಕಳುವಾಗದಿದ್ದರೂ ಇಂತಹ ದಾಳಿಯಿಂದ ಜನರಿಗೆ ತೊಂದರೆಯಾಗುತ್ತದೆ; ಆಗ ರಾಜ್ಯದಾದ್ಯಂತ ಉಪನೋಂದಣಿ ಕಚೇರಿಗಳಲ್ಲಿ ಕ್ರಯ, ಋಣಭಾರ ಪತ್ರ ಮೊದಲಾದ ಕೆಲಸಗಳಿಗೆ ಅಡ್ಡಿಯಾಯಿತು.

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳು

ಈ ಮೂರು ತಾಲೂಕುಗಳು ಸಹ್ಯಾದ್ರಿಯ ಕಾಡಿನ ನಡುವಿನ ಅಡಿಕೆ ಸೀಮೆಗೆ ಸೇರಿವೆ. ತೋಟದ ಅಂಚಿನಲ್ಲಿ ಒಂಟಿ ಮನೆಗಳು, ಚದುರಿದ ಮಜರೆಗಳು, ಭಾರೀ ಮಳೆ ಮತ್ತು ಕಣಿವೆಗಳು ಇಲ್ಲಿನ ಲಕ್ಷಣ. ವಿದ್ಯಾಭ್ಯಾಸದ ನಂತರ ಯುವಕರು ಬೆಂಗಳೂರು ಮೊದಲಾದ ನಗರಗಳಿಗೆ ತೆರಳುವುದರಿಂದ ಅನೇಕ ಮನೆಗಳಲ್ಲಿ ಹಿರಿಯರೇ ಉಳಿದಿದ್ದಾರೆ. ಮಾಹಿತಿ ಭದ್ರತೆಯ ಸಮಸ್ಯೆಗಳು ಈ ಹಿನ್ನೆಲೆಯಲ್ಲಿ ವಿಶಿಷ್ಟ ರೂಪ ತಾಳುತ್ತವೆ.

ಸಂಪರ್ಕಜಾಲ ಮತ್ತು ಒಟಿಪಿ

ಬ್ಯಾಂಕಿಂಗ್ ಭದ್ರತೆಯು ಬಹುಕಾಲ ಮೊಬೈಲಿಗೆ ಬರುವ ಒಟಿಪಿಯನ್ನು ಅವಲಂಬಿಸಿದೆ. ಸಿಗ್ನಲ್ ಇಲ್ಲದ ಕಣಿವೆಯ ಮನೆಗೆ ಅದು ಅವಧಿ ಮುಗಿಯುವುದರೊಳಗೆ ತಲುಪುವುದಿಲ್ಲ. ಆಗ ಜನರು ತಮ್ಮ ಫೋನನ್ನು ಪೇಟೆಗೆ ಹೋಗುವವರ ಕೈಗೆ ಕೊಡುವುದು, ಅಂಗಡಿಯವರ ಅಥವಾ ಸೇವಾ ಕೇಂದ್ರದವರ ಮೊಬೈಲ್ ಸಂಖ್ಯೆಯನ್ನು ಖಾತೆಗೆ ಜೋಡಿಸುವುದು, ಗುಪ್ತಸಂಖ್ಯೆಯನ್ನು ಪಾಸ್‌ಬುಕ್ಕಿನ ಮೇಲೆಯೇ ಬರೆದಿಡುವುದು ಮುಂತಾದ ದಾರಿಗಳನ್ನು ಹಿಡಿಯುತ್ತಾರೆ. ಭದ್ರತೆಗಾಗಿ ಮಾಡಿದ ನಿಯಮವೇ ಸ್ಥಳದ ಪರಿಸ್ಥಿತಿಗೆ ಹೊಂದದಿದ್ದಾಗ ಅಭದ್ರತೆಗೆ ಕಾರಣವಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. 4ಜಿ ಸಂಪರ್ಕವಿಲ್ಲದ ದೇಶದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ ಸೇವೆ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ನೀಡಿತು. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಅನ್ವಯವಾಗುವ ನಿರ್ದೇಶನಗಳು ಎರಡು ಹಂತದ ದೃಢೀಕರಣವನ್ನು ಉಳಿಸಿಕೊಂಡು, ಎಸ್‌ಎಂಎಸ್ ಒಟಿಪಿಯ ಹೊರತಾದ ವಿಧಾನಗಳಿಗೂ ಅವಕಾಶ ನೀಡುತ್ತವೆ.

ಬೆರಳಚ್ಚು

ಅಡಿಕೆ ಸುಲಿಯುವುದು, ಗೊಬ್ಬರ ಹೊರುವುದು, ಕಲ್ಲು ಮಣ್ಣಿನ ಕೆಲಸ ಮಾಡುವವರ ಬೆರಳ ಗೆರೆಗಳು ಸವೆಯುತ್ತವೆ, ವಯಸ್ಸಾದಂತೆ ಮಾಸುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಇವರ ಬೆರಳನ್ನು ಗುರುತಿಸದೆ ಹೋಗಬಹುದು. ಇಂತಹವರಿಗೆ ಕಣ್ಣಿನ ಪಾಪೆಯ ಗುರುತು ಅಥವಾ ಒಟಿಪಿಯಂತಹ ಪರ್ಯಾಯಗಳಿವೆ. ಭದ್ರತಾ ವ್ಯವಸ್ಥೆಯ ಗುಣವನ್ನು ಅಳೆಯುವಾಗ ಅದು ಎಷ್ಟು ವಂಚಕರನ್ನು ತಡೆಯಿತು ಎಂಬುದರ ಜೊತೆಗೆ ಎಷ್ಟು ಅರ್ಹರನ್ನು ಬಾಗಿಲಲ್ಲಿ ನಿಲ್ಲಿಸಿತು ಎಂಬುದನ್ನೂ ಲೆಕ್ಕಹಾಕಬೇಕಾಗುತ್ತದೆ.

ಸಹಕಾರಿ ಸಂಸ್ಥೆಗಳು

ಈ ಭಾಗದ ಆರ್ಥಿಕ ಜೀವನವು ಸಹಕಾರಿ ಸಂಘಗಳ ಮೇಲೆ ನಿಂತಿದೆ. ಜಿಲ್ಲೆಯ ಮಧ್ಯವರ್ತಿ ಸಹಕಾರಿ ಬ್ಯಾಂಕಾದ ಕೆಡಿಸಿಸಿ ಬ್ಯಾಂಕಿನ ಕೇಂದ್ರ ಕಚೇರಿ ಶಿರಸಿಯಲ್ಲಿದೆ. 1923ರಲ್ಲಿ ಶಿರಸಿಯಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಅಡಿಕೆ ಮಾರಾಟದ ಹಳೆಯ ಸಂಸ್ಥೆಗಳಲ್ಲೊಂದು. ಊರೂರಿನ ಸೇವಾ ಸಹಕಾರಿ ಸಂಘಗಳು ಬೆಳೆಸಾಲ ನೀಡುವುದಲ್ಲದೆ ಸದಸ್ಯರ ಠೇವಣಿಯನ್ನೂ ಇಟ್ಟುಕೊಳ್ಳುತ್ತವೆ.

2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸೈಬರ್ ದಾಳಿಯ ಮೂಲಕ ಸುಮಾರು 94 ಕೋಟಿ ರೂಪಾಯಿ ಲಪಟಾಯಿಸಲ್ಪಟ್ಟ ಮೇಲೆ ಸಹಕಾರಿ ರಂಗದ ಭದ್ರತೆ ರಾಷ್ಟ್ರೀಯ ಚರ್ಚೆಗೆ ಬಂತು. ರಿಸರ್ವ್ ಬ್ಯಾಂಕ್ ಅದೇ ವರ್ಷ ನಗರ ಸಹಕಾರಿ ಬ್ಯಾಂಕುಗಳಿಗೆ ಮೂಲ ಸೈಬರ್ ಭದ್ರತಾ ಚೌಕಟ್ಟನ್ನೂ, 2019ರ ಡಿಸೆಂಬರ್‌ನಲ್ಲಿ ನಾಲ್ಕು ಹಂತಗಳ ವಿಸ್ತೃತ ನಿಯಮಗಳನ್ನೂ ರೂಪಿಸಿತು. ಜಿಲ್ಲಾ ಮಧ್ಯವರ್ತಿ ಬ್ಯಾಂಕುಗಳಿಗೆ ನಬಾರ್ಡ್ ಮಾರ್ಗಸೂಚಿ ನೀಡಿದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅವು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರಡಿ ಸಹಕಾರ ಇಲಾಖೆಯ ಮೇಲ್ವಿಚಾರಣೆಯಲ್ಲಿವೆ. ರಿಸರ್ವ್ ಬ್ಯಾಂಕಿನ ಭದ್ರತಾ ನಿಯಮಗಳು ಅವುಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟವು ದೇಶದ 63,000 ಪ್ರಾಥಮಿಕ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಖಾತೆ ಕಿರ್ದಿಗಳು ಸಮಾನ ತಂತ್ರಾಂಶಕ್ಕೆ ಬಂದಂತೆ ಪಾರದರ್ಶಕತೆ ಹೆಚ್ಚುತ್ತದೆ. ಅದರೊಂದಿಗೆ ಗುಪ್ತಪದವನ್ನು ಹಂಚಿಕೊಳ್ಳದಿರುವುದು, ನಿತ್ಯವೂ ಪ್ರತಿ ತೆಗೆದಿಡುವುದು, ನಮೂದಿಸುವವರು ಮತ್ತು ಮಂಜೂರು ಮಾಡುವವರು ಬೇರೆ ಬೇರೆಯಾಗಿರುವುದು ಮುಂತಾದ ಶಿಸ್ತುಗಳು ಸಣ್ಣ ಸಂಘಗಳಿಗೂ ಅನಿವಾರ್ಯವಾಗುತ್ತವೆ.

ವಂಚನೆಯ ವಿಧಾನಗಳು

ನಂಬಿಕಸ್ಥ ಸಂಸ್ಥೆಯ ಸೋಗಿನಲ್ಲಿ ಕೊಂಡಿ ಅಥವಾ ಸಂದೇಶ ಕಳುಹಿಸಿ ಗುಟ್ಟನ್ನು ಪಡೆಯುವುದನ್ನು ಫಿಶಿಂಗ್ ಎನ್ನುತ್ತಾರೆ. ಗಾಳಕ್ಕೆ ಎರೆಯಿಟ್ಟು ಮೀನು ಹಿಡಿಯುವುದಕ್ಕೆ ಇದನ್ನು ಹೋಲಿಸಲಾಗಿದೆ. ವಾಟ್ಸ್ಆ್ಯಪ್ ಮೂಲಕ ಮದುವೆಯ ಆಮಂತ್ರಣ ಅಥವಾ ವಾಹನದ ದಂಡದ ಸೂಚನೆಯೆಂದು ಎಪಿಕೆ ಕಡತವನ್ನು ಕಳುಹಿಸಿ, ಅದನ್ನು ತೆರೆದವರ ಫೋನಿನ ಸಂದೇಶಗಳನ್ನು ಓದುವುದು ಇತ್ತೀಚಿನ ವಿಧಾನ. ಪರಿಚಿತರ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ಅನುಕರಿಸಿ ತುರ್ತಾಗಿ ಹಣ ಕೇಳುವುದೂ ಉಂಟು. ಮಕ್ಕಳು ದೂರದಲ್ಲಿರುವ ಹಿರಿಯರಿಗೆ ಇದರಿಂದ ಅಪಾಯ ಹೆಚ್ಚು.

'ಡಿಜಿಟಲ್ ಅರೆಸ್ಟ್' ಎಂಬ ವಂಚನೆಯಲ್ಲಿ ಪೊಲೀಸ್ ಅಥವಾ ಸಿಬಿಐ ಅಧಿಕಾರಿಯ ವೇಷದಲ್ಲಿ ವಿಡಿಯೊ ಕರೆ ಮಾಡಿ, ಬಂಧನದ ಭಯ ಹುಟ್ಟಿಸಿ, ಮನೆಯವರಿಗೂ ತಿಳಿಸದಂತೆ ಕಟ್ಟುಹಾಕಿ ಹಣ ಕೀಳಲಾಗುತ್ತದೆ. 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್' ಭಾಷಣದಲ್ಲಿ ಪ್ರಧಾನಮಂತ್ರಿಗಳು ಈ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ ನಿದರ್ಶನ ಕರ್ನಾಟಕದ ವಿಜಯಪುರದ್ದಾಗಿತ್ತು. ಭಾರತದ ಕಾನೂನಿನಲ್ಲಿ ವಿಡಿಯೊ ಕರೆಯ ಮೂಲಕ ಬಂಧಿಸುವ ಪದ್ಧತಿಯೇ ಇಲ್ಲ.

ದೂರು ಮತ್ತು ಪರಿಹಾರ

ಹಣದ ವಂಚನೆಯಾದಾಗ 1930 ಸಹಾಯವಾಣಿಗೆ ಕರೆ ಮಾಡಬಹುದು ಅಥವಾ 2019ರ ಆಗಸ್ಟ್ 30ರಂದು ಆರಂಭವಾದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ಕದ್ದ ಹಣವನ್ನು ವಂಚಕರು ಅನೇಕ ಖಾತೆಗಳ ಮೂಲಕ ಶೀಘ್ರವಾಗಿ ಸಾಗಿಸಿ ನಗದು ಮಾಡಿಕೊಳ್ಳುತ್ತಾರೆ. ಅದು ಇನ್ನೂ ಯಾವುದಾದರೊಂದು ಖಾತೆಯಲ್ಲಿರುವಾಗ ತಡೆಹಿಡಿಯಲು ಸಾಧ್ಯವಾದ್ದರಿಂದ ಮೊದಲ ಒಂದೆರಡು ಗಂಟೆಗಳು ನಿರ್ಣಾಯಕ. ಶಿರಸಿಯಿಂದ ಕಾರವಾರಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿದ್ದು, ಠಾಣೆಗೆ ಹೋಗುವ ಮುನ್ನ ದೂರವಾಣಿಯಲ್ಲೇ ದೂರು ದಾಖಲಿಸುವುದರ ಮಹತ್ವ ಇದರಿಂದ ತಿಳಿಯುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ವ್ಯಾಪ್ತಿಯನ್ನು ಲೆಕ್ಕಿಸದೆ ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಮಾಡಬೇಕು.

ನಷ್ಟವನ್ನು ಯಾರು ಹೊರಬೇಕೆಂಬುದನ್ನು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಗಳಲ್ಲಿ ನಿರ್ಧರಿಸಿತು. ಇವು ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸಿದವು. ಬ್ಯಾಂಕಿನ ಲೋಪದಿಂದಾದ ನಷ್ಟಕ್ಕೆ ಗ್ರಾಹಕ ಹೊಣೆಯಲ್ಲ. ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದಿದ್ದಾಗ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನಗಳಾದರೆ ಹೊಣೆ ಮಿತವಾದದ್ದು. ಆದರೆ ಗ್ರಾಹಕನು ತಾನಾಗಿ ಒಟಿಪಿ ಅಥವಾ ಗುಪ್ತಪದ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ಬೆದರಿಕೆಗೆ ಸಿಲುಕಿ ಅಥವಾ ಮೋಸಹೋಗಿ ಗುಟ್ಟು ಬಿಟ್ಟುಕೊಟ್ಟ ವೃದ್ಧರನ್ನು ನಿರ್ಲಕ್ಷ್ಯ ತೋರಿದವರ ಸಾಲಿಗೆ ಸೇರಿಸುವುದು ನ್ಯಾಯವೇ ಎಂಬುದು ಈ ಕ್ಷೇತ್ರದಲ್ಲಿ ಚರ್ಚೆಯಲ್ಲಿರುವ ಪ್ರಶ್ನೆ.

ನಕಲಿ ಜಾಲತಾಣಗಳನ್ನು ತಡೆಯಲು ಬ್ಯಾಂಕುಗಳಿಗಾಗಿ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ವಿಳಾಸವನ್ನು ಮೀಸಲಿಡುವುದಾಗಿ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಪ್ರಕಟಿಸಿ, ಬ್ಯಾಂಕುಗಳು ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಸೂಚಿಸಿತು. ವಿಳಾಸದ ಕೊನೆಯ ಭಾಗವನ್ನು ನೋಡಿ ಅಸಲಿ ತಾಣವನ್ನು ಗುರುತಿಸಲು ಇದರಿಂದ ಸುಲಭವಾಗುತ್ತದೆ.

ಶಿಕ್ಷಣ ಮತ್ತು ಉದ್ಯೋಗ

ಮಾಹಿತಿ ಭದ್ರತೆಯ ಉದ್ಯೋಗಗಳಲ್ಲಿ ಹಲವು ಬಗೆಗಳಿವೆ. ಸಂಸ್ಥೆಯ ಜಾಲವನ್ನು ಹಗಲಿರುಳು ಗಮನಿಸಿ ಅನುಮಾನಾಸ್ಪದ ಚಟುವಟಿಕೆಯನ್ನು ಪತ್ತೆಹಚ್ಚುವುದು ಕಾವಲು ವಿಶ್ಲೇಷಕರ ಕೆಲಸ. ಮಾಲೀಕರ ಅನುಮತಿ ಪಡೆದು ವ್ಯವಸ್ಥೆಗೆ ನುಗ್ಗಲು ಯತ್ನಿಸಿ ದೋಷ ತೋರಿಸಿಕೊಡುವವರು ಭೇದನ ಪರೀಕ್ಷಕರು. ನಿಯಮಗಳು ಪಾಲನೆಯಾಗುತ್ತಿವೆಯೇ ಎಂದು ಪರಿಶೀಲಿಸುವವರು ಲೆಕ್ಕಪರಿಶೋಧಕರು. ಅಪರಾಧದ ನಂತರ ಫೋನ್, ಡಿಸ್ಕ್ ಮೊದಲಾದವುಗಳಿಂದ ಸಾಕ್ಷ್ಯ ತೆಗೆಯುವವರು ವಿಧಿವಿಜ್ಞಾನ ತಜ್ಞರು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಸೈಬರ್ ಭದ್ರತೆ ಎಂಜಿನಿಯರಿಂಗ್ ಪದವಿಯ ಒಂದು ವಿಷಯವಾಗಿದೆ. ಉತ್ತರ ಕನ್ನಡದಲ್ಲಿ ಕಾರವಾರ, ಹಳಿಯಾಳ ಮತ್ತು ಭಟ್ಕಳಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಬಿಸಿಎ, ಬಿಎಸ್‌ಸಿ ಪದವೀಧರರೂ ಸಿಇಎಚ್, ಒಎಸ್‌ಸಿಪಿ ಮೊದಲಾದ ಪ್ರಮಾಣಪತ್ರಗಳ ಮೂಲಕ ಈ ಕ್ಷೇತ್ರವನ್ನು ಪ್ರವೇಶಿಸುತ್ತಾರೆ. ಹೆಚ್ಚು ಪ್ರತಿಷ್ಠಿತವಾದ ಸಿಐಎಸ್‌ಎಸ್‌ಪಿ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅನುಭವ ಬೇಕಾಗುತ್ತದೆ. ಸಿ-ಡ್ಯಾಕ್‌ನಂತಹ ಸರ್ಕಾರಿ ಸಂಸ್ಥೆಗಳೂ ಶಿಕ್ಷಣ ನೀಡುತ್ತವೆ. ಪರೀಕ್ಷಾ ಶುಲ್ಕಗಳು ದುಬಾರಿಯಾಗಿರುವುದು ಮತ್ತು ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿರುವುದು ಗ್ರಾಮೀಣ ವಿದ್ಯಾರ್ಥಿಗಳಿಗೆ ಇರುವ ತೊಡಕುಗಳು.

ಈ ಕ್ಷೇತ್ರ ತಾಂತ್ರಿಕ ಪದವೀಧರರಿಗಷ್ಟೇ ಮೀಸಲಲ್ಲ. 2023ರ ಕಾಯ್ದೆಯಂತೆ ಕೇಂದ್ರ ಸರ್ಕಾರವು ಮಹತ್ವದವೆಂದು ಗುರುತಿಸುವ ದತ್ತಾಂಶ ಸಂಸ್ಥೆಗಳು ಭಾರತದಲ್ಲಿ ನೆಲೆಸಿದ ದತ್ತಾಂಶ ಸಂರಕ್ಷಣಾಧಿಕಾರಿಯನ್ನು ನೇಮಿಸಬೇಕು. ಕಾನೂನು, ವಾಣಿಜ್ಯ ಮತ್ತು ಕಲಾ ಪದವೀಧರರಿಗೂ ಇಂತಹ ಹುದ್ದೆಗಳಲ್ಲಿ, ನೀತಿ ರಚನೆಯಲ್ಲಿ, ಕನ್ನಡದಲ್ಲಿ ಸೂಚನೆ ಹಾಗೂ ಜಾಗೃತಿ ಸಾಹಿತ್ಯ ಸಿದ್ಧಪಡಿಸುವಲ್ಲಿ ಅವಕಾಶವಿದೆ.

ಉದ್ಯೋಗಾಕಾಂಕ್ಷಿಗಳು ಮೂರು ಅಪಾಯಗಳನ್ನು ಅರಿತಿರಬೇಕಾಗುತ್ತದೆ. ಮೊದಲನೆಯದಾಗಿ, ಕಲಿಕೆಗಾಗಿಯೇ ಆದರೂ ಅನುಮತಿಯಿಲ್ಲದೆ ಬೇರೆಯವರ ವ್ಯವಸ್ಥೆಯನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಕ್ರಮಕ್ಕೆ ಗುರಿಯಾಗಬಹುದು. ಕಂಡ ದೋಷವನ್ನು ಸರ್ಟ್-ಇನ್‌ಗೆ ತಿಳಿಸಲು ಪ್ರತ್ಯೇಕ ಕ್ರಮವಿದೆ. ಎರಡನೆಯದಾಗಿ, ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಇತರರಿಗೆ ಬಳಸಲು ಕೊಟ್ಟ ವಿದ್ಯಾರ್ಥಿಗಳು ವಂಚನೆಯ ಹಣ ಸಾಗಿಸಿದ ಆರೋಪಿಗಳಾಗುತ್ತಾರೆ. ಮೂರನೆಯದಾಗಿ, ಥಾಯ್ಲೆಂಡಿನಲ್ಲಿ ಐಟಿ ಕೆಲಸವೆಂದು ನಂಬಿಸಿ ಯುವಕರನ್ನು ಮ್ಯಾನ್ಮಾರಿಗೆ ಸಾಗಿಸಿ, ಸೈಬರ್ ವಂಚನೆಯ ಕೆಲಸಕ್ಕೆ ಒತ್ತೆಯಿಡುವ ಜಾಲಗಳ ಕುರಿತು ವಿದೇಶಾಂಗ ಸಚಿವಾಲಯವು 2022ರಲ್ಲಿ ಎಚ್ಚರಿಕೆ ನೀಡಿದೆ. ಕಾಂಬೋಡಿಯ ಮತ್ತು ಲಾವೋಸ್‌ಗಳಿಂದಲೂ ಇಂತಹ ಪ್ರಕರಣಗಳು ವರದಿಯಾಗಿವೆ.

ಪ್ರಚಲಿತ ಸವಾಲುಗಳು

ಕಂದಾಯ ಇಲಾಖೆಯು 2024ರಲ್ಲಿ ಪಹಣಿಗಳಿಗೆ ಖಾತೆದಾರರ ಆಧಾರ್ ಜೋಡಣೆಯನ್ನು ಕೈಗೊಂಡಿತು. ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಛಾಯಾಪ್ರತಿ ಮಾಡಿ ಗಣಕಕ್ಕೆ ಸೇರಿಸುವ 'ಭೂ ಸುರಕ್ಷಾ' ಯೋಜನೆಯೂ ಅದೇ ವರ್ಷ ಆರಂಭವಾಯಿತು. ಕಾಡಂಚಿನ ಜಮೀನು, ಸೊಪ್ಪಿನ ಬೆಟ್ಟ, ಅತಿಕ್ರಮಣ ಸಕ್ರಮ ಮೊದಲಾದ ವಿಷಯಗಳಲ್ಲಿ ಹಳೆಯ ಕಾಗದವೇ ಮುಖ್ಯ ಆಧಾರವಾಗಿರುವ ಉತ್ತರ ಕನ್ನಡದಲ್ಲಿ ಇವುಗಳ ಪ್ರಯೋಜನ ದೊಡ್ಡದು. ಹಾಳೆ ಹರಿಯುವ, ಗೆದ್ದಲು ತಿನ್ನುವ, ಕಡತ ಕಾಣೆಯಾಗುವ ಭಯ ಇದರಿಂದ ತಗ್ಗುತ್ತದೆ. ಅದೇ ವೇಳೆಗೆ, ಒಬ್ಬ ವ್ಯಕ್ತಿಯ ಗುರುತು, ಆಸ್ತಿ ಮತ್ತು ಬ್ಯಾಂಕ್ ಖಾತೆ ಒಂದೇ ಸಂಖ್ಯೆಯ ಮೂಲಕ ಬೆಸೆದುಕೊಂಡಾಗ, ಒಂದು ಕಡೆಯ ಸೋರಿಕೆ ಉಳಿದೆಲ್ಲ ಕಡೆಗೂ ದಾರಿಯಾಗಬಲ್ಲದು. ಆದ್ದರಿಂದ ಯಾವ ಅಧಿಕಾರಿ ಯಾವ ಮಾಹಿತಿಯನ್ನು ಎಂದು ನೋಡಿದರು ಎಂಬ ದಾಖಲೆ, ತಪ್ಪು ನಮೂದನ್ನು ತಾಲೂಕು ಮಟ್ಟದಲ್ಲೇ ಸರಿಪಡಿಸುವ ಕಾಲಮಿತಿ ಮತ್ತು ಗಣಕದ ಪ್ರತಿಯ ಜೊತೆ ಮೂಲ ಕಡತದ ಸಂರಕ್ಷಣೆ ಈ ಯೋಜನೆಗಳಿಗೆ ಅಗತ್ಯವಾದ ಅಂಗಗಳಾಗಿವೆ.